ಫಿನ್ಲೆಂಡಿನ ಸರೋವರದ ಮನೆಯಲ್ಲಿ ಚಳಿಗಾಲದ ಎರಡು ದಿನ



ಚಳಿಗಾಲಕ್ಕೆ ನಮ್ಮ ಒಂದೊಂದು ಊರಿನಲ್ಲಿ ಒಂದೊಂದು ಅರ್ಥ. ಮುಂಬೈಯವರಿಗೆ ಅದು ಬೀರುವಿನಿಂದ ಸ್ವೆಟರು ಹೊರಬಂದು ಮೂರನೆಯ ದಿನಕ್ಕೆ ಮತ್ತೆ ಒಳಗೆ ಹೋಗುವ ಕಾಲ. ಚೆನ್ನೈಯವರಿಗೆ ಸಂಗೀತ ಕಛೇರಿಗಳ ಕಾಲ, ಫ್ಯಾನಿನ ವೇಗವನ್ನು ಒಂದು ಅಂಕಿ ಇಳಿಸುವ ಕಾಲ. ಪುಣೆ, ಹೈದರಾಬಾದಿನವರು ಬೆಳಗಿನ ವಾಕಿಂಗಿಗೆ ಮಫ್ಲರು ಸುತ್ತಿಕೊಳ್ಳುತ್ತಾರೆ. ದೆಹಲಿಯವರದು ಮಾತ್ರ ಬೇರೆ. ಅಲ್ಲಿ ಮಂಜು, ತಡವಾಗಿ ಬರುವ ರೈಲು, ರಜಾಯಿ, ಕೋಣೆಯ ಮೂಲೆಯಲ್ಲೊಂದು ಹೀಟರು. ಉಷ್ಣಾಂಶ ನಾಲ್ಕು ಡಿಗ್ರಿಗೆ ಇಳಿದರೆ ಮರುದಿನದ ಪತ್ರಿಕೆಯ ಮುಖಪುಟದಲ್ಲಿ ಅದೇ ಸುದ್ದಿ.

ಈ ನಾಲ್ಕು ಡಿಗ್ರಿ ಎಂಬ ಅಂಕಿಯನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅದರ ಕೆಲಸ ಇದೆ.

ಇಂದು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಸರೋವರವೇ ಕಲ್ಲಿನಂತೆ ಗಟ್ಟಿಯಾಗುವ ಚಳಿಗಾಲದ ಬಗ್ಗೆ. ಇದು ನಮಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಕಾಗುತ್ತದೆ. ಈಗ ನಮ್ಮಲ್ಲಿ ಎಷ್ಟೋ ಮನೆಗಳ ಮಗನೋ ಮಗಳೋ ತಮ್ಮನೋ ಉತ್ತರದ ದೇಶಗಳಲ್ಲಿ ಇದ್ದಾರೆ. ಫಿನ್ಲೆಂಡ್, ಸ್ವೀಡನ್, ನಾರ್ವೆ, ಕೆನಡಾ, ಅಮೆರಿಕದ ಮಿನ್ನೆಸೋಟಾ. ಅಪ್ಪ ಅಮ್ಮ ನೋಡಲು ಹೋಗುತ್ತಾರೆ, ಗೆಳೆಯರು ಹೋಗುತ್ತಾರೆ. ಅಲ್ಲಿಗೆ ಹೋದವರಿಗೆ ಒಂದಲ್ಲ ಒಂದು ದಿನ ಒಂದು ಕರೆ ಬರುತ್ತದೆ: ಈ ಶನಿವಾರ ಭಾನುವಾರ ಸರೋವರದ ಮನೆಗೆ ಹೋಗೋಣ ಬನ್ನಿ. ಆ ಮನೆ ಎಂಥದು, ಅಲ್ಲಿ ಏನಿರುತ್ತದೆ, ಏನಿರುವುದಿಲ್ಲ, ಎಲ್ಲಿ ಎಚ್ಚರ ಬೇಕು ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಫಿನ್ಲೆಂಡನ್ನೇ ತೆಗೆದುಕೊಳ್ಳೋಣ. ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರಿನ ಅರ್ಧಕ್ಕಿಂತಲೂ ಕಡಿಮೆ. ಆದರೆ ಅಲ್ಲಿ ಲೆಕ್ಕಕ್ಕೆ ಸಿಕ್ಕಿರುವ ಸರೋವರಗಳೂ ಕೊಳಗಳೂ ಸೇರಿ 1,87,888. ಐನೂರು ಚದರ ಮೀಟರಿಗಿಂತ ದೊಡ್ಡದಾದ ಎಲ್ಲ ನೀರನ್ನೂ ಎಣಿಸಿ ಹೇಳಿದ ಸಂಖ್ಯೆ ಇದು. ಈ ನೀರುಗಳ ದಡದಲ್ಲಿ, ಕಾಡಿನ ಅಂಚಿನಲ್ಲಿ, ಸುಮಾರು ಐದು ಲಕ್ಷ ಸಣ್ಣ ಮನೆಗಳಿವೆ. ಅವಕ್ಕೆ ಅವರು ಮೊಕ್ಕಿ ಎನ್ನುತ್ತಾರೆ. ಊರಲ್ಲಿ ಫ್ಲಾಟು, ಕಾಡಲ್ಲಿ ಮೊಕ್ಕಿ. ನಮ್ಮಲ್ಲಿ ತೋಟದ ಮನೆ ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ಆದರೆ ತೋಟ ಇಲ್ಲ, ಆಳುಕಾಳು ಇಲ್ಲ. ಎಷ್ಟೋ ಮೊಕ್ಕಿಗಳಲ್ಲಿ ನಲ್ಲಿಯೂ ಇಲ್ಲ.

ಬೇಸಗೆಯಲ್ಲಿ ಈ ಮನೆಗಳು ತುಂಬಿರುತ್ತವೆ. ಚಳಿಗಾಲದಲ್ಲಿ ಹೆಚ್ಚಿನವಕ್ಕೆ ಬೀಗ. ಹೋಗುವವರು ಸ್ವಲ್ಪ ಗಟ್ಟಿ ಮನಸ್ಸಿನವರು, ಇಲ್ಲವೇ ನಮ್ಮಂಥ ಏನೂ ಗೊತ್ತಿಲ್ಲದವರು.

2024ರ ಫೆಬ್ರುವರಿ ಎರಡನೆಯ ವಾರಾಂತ್ಯ ನಾವು ಐದು ಜನ ಹಾಗೊಂದು ಮನೆಗೆ ಹೋದೆವು. ಐವರೂ ಒಂದು ಕಾಲದಲ್ಲಿ ಧಾರವಾಡದ ಒಂದೇ ಹಾಸ್ಟೆಲಿನಲ್ಲಿ ಇದ್ದವರು. ಒಬ್ಬ ಹೆಲ್ಸಿಂಕಿಯ ಪಕ್ಕದ ಎಸ್ಪೂ ನಗರದಲ್ಲಿ ಕೆಲಸದಲ್ಲಿದ್ದಾನೆ. ಒಬ್ಬ ಪುಣೆಯವನು, ಸಹ್ಯಾದ್ರಿಯ ಕೋಟೆಗಳನ್ನೆಲ್ಲ ಹತ್ತಿ ಇಳಿದವನು. ಇಬ್ಬರು ಬೆಂಗಳೂರಿನವರು, ನಾನು ದೆಹಲಿಯವನು. ಬೆಂಗಳೂರಿನ ಇಬ್ಬರಲ್ಲಿ ಒಬ್ಬನ ಹೆಂಡತಿ ತೀರಿಕೊಂಡು ಆಗ ಒಂದೂವರೆ ವರ್ಷ ಆಗಿತ್ತು. ಅಂದಿನಿಂದ ಅವನು ಫೋನಿನಲ್ಲಿ ಹೂಂ, ಹಾಂ ಬಿಟ್ಟು ಹೆಚ್ಚು ಮಾತಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನನ್ನು ಮನೆಯಿಂದ ಹೊರಗೆ ಎಳೆಯಲಿಕ್ಕೇ ಈ ಪ್ರವಾಸ ಹೂಡಿದ್ದು. ಎಸ್ಪೂ ಗೆಳೆಯನ ಸಹೋದ್ಯೋಗಿಯೊಬ್ಬರು ತಮ್ಮ ತಂದೆಯ ಕಾಲದ ಮೊಕ್ಕಿಯ ಕೀಲಿ ಕೊಟ್ಟಿದ್ದರು.

ಮನೆ ಇದ್ದದ್ದು ಸೈಮಾ ಸರೋವರದ ದಡದಲ್ಲಿ. ಸೈಮಾ ಫಿನ್ಲೆಂಡಿನ ಅತಿ ದೊಡ್ಡ ಸರೋವರ. ಸುಮಾರು 4,400 ಚದರ ಕಿಲೋಮೀಟರು. ಸರೋವರ ಎಂದರೆ ಒಂದು ದೊಡ್ಡ ತಟ್ಟೆಯಂತೆ ಎಂದು ಕಲ್ಪಿಸಿಕೊಳ್ಳಬೇಡಿ. ನೆಲದ ಮೇಲೆ ಚೆಲ್ಲಿದ ನೀರು ಹೇಗೆ ಸಂದಿಗೊಂದಿಗಳಲ್ಲಿ ಹರಡಿಕೊಳ್ಳುತ್ತದೋ ಹಾಗಿದೆ ಅದು. ಸಾವಿರಾರು ದ್ವೀಪ, ನಡುನಡುವೆ ಇಕ್ಕಟ್ಟಾದ ನೀರಿನ ದಾರಿಗಳು.

ಹೆಲ್ಸಿಂಕಿಯಿಂದ ಸವೊನ್ಲಿನ್ನಾ ಪಟ್ಟಣಕ್ಕೆ ಕಾರಿನಲ್ಲಿ ನಾಲ್ಕು ತಾಸಿಗೂ ಮಿಕ್ಕಿ. ಅಲ್ಲಿ ನೀರಿನ ನಡುವೆ ಒಲಾವಿನ್ಲಿನ್ನಾ ಎಂಬ ಕಲ್ಲಿನ ಕೋಟೆ ಇದೆ, 1475ರಲ್ಲಿ ಕಟ್ಟಲು ಆರಂಭಿಸಿದ್ದು. ಸುತ್ತ ಎಲ್ಲ ಹೆಪ್ಪುಗಟ್ಟಿ ಬೆಳ್ಳಗಾಗಿದ್ದರೂ ಕೋಟೆಯ ಬುಡದಲ್ಲಿ ಮಾತ್ರ ಕಪ್ಪು ನೀರು ಹರಿಯುತ್ತಿತ್ತು. ಬಾತುಕೋಳಿಗಳು ಈಜುತ್ತಿದ್ದವು. ಅಲ್ಲಿ ನೀರಿನ ಸೆಳೆತ ಜೋರು, ಅದಕ್ಕೇ ಹೆಪ್ಪುಗಟ್ಟುವುದಿಲ್ಲ ಎಂದು ಎಸ್ಪೂ ಗೆಳೆಯ ಹೇಳಿದ. ನಾವು ಫೋಟೋ ತೆಗೆದುಕೊಂಡು ಮುಂದೆ ಹೋದೆವು. ಆ ಕಪ್ಪು ನೀರು ಒಂದು ಪಾಠ ಎಂಬುದು ತಿಳಿದದ್ದು ಮರುದಿನ.

ಪಟ್ಟಣದಿಂದ ಇನ್ನೂ ಒಂದು ತಾಸು ಕಾಡಿನ ದಾರಿ. ಕೊನೆಯ ಮುನ್ನೂರು ಮೀಟರು ಕಾರು ಹೋಗುವುದಿಲ್ಲ. ಅಕ್ಕಿ, ಬೇಳೆ, ರವೆ, ಹಾಸಿಗೆ ಎಲ್ಲವನ್ನೂ ಒಂದು ಜಾರುಬಂಡಿಯ ಮೇಲೆ ಕಟ್ಟಿ ಎಳೆದುಕೊಂಡು ಹೋದೆವು. ಹೊರಗೆ ಮೈನಸ್ 18. ಬಾಗಿಲು ತೆಗೆದರೆ ಒಳಗೆ ಗೋಡೆಯ ಮೇಲಿನ ಮಾಪಕ ಮೈನಸ್ 11 ತೋರಿಸುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ತಣ್ಣಗಾದ ಮರದ ಮನೆ ಒಲೆ ಹಚ್ಚಿದ ಕೂಡಲೇ ಬೆಚ್ಚಗಾಗುವುದಿಲ್ಲ. ಗಾಳಿ ಬೇಗ ಬಿಸಿಯಾಗುತ್ತದೆ. ಆದರೆ ಗೋಡೆ, ನೆಲ, ಮಂಚ, ಹಾಸಿಗೆ, ಪಾತ್ರೆ ಎಲ್ಲದರೊಳಗೂ ವಾರಗಟ್ಟಲೆಯ ಚಳಿ ಕೂತಿರುತ್ತದೆ. ಅವೆಲ್ಲ ಒಂದೊಂದಾಗಿ ಶಾಖ ಹೀರಿಕೊಳ್ಳಬೇಕು. ನಾವು ಸಂಜೆ ಐದಕ್ಕೆ ಒಲೆ ಹಚ್ಚಿದವರು, ಕೋಟು ಬಿಚ್ಚಿದ್ದು ರಾತ್ರಿ ಹನ್ನೊಂದಕ್ಕೆ. ಅಲ್ಲಿಯತನಕ ಊಟ, ಹರಟೆ ಎಲ್ಲ ಟೊಪ್ಪಿಗೆ ಹಾಕಿಕೊಂಡೇ.

ಉರಿಸಲು ಬರ್ಚ್ ಮರದ ಸೌದೆ. ಹಿಮಾಲಯದಲ್ಲಿ ಋಷಿಮುನಿಗಳ ಕಾಲದಿಂದ ಬರೆಯಲು ಬಳಸಿದ ಭೂರ್ಜಪತ್ರ ಇದೆಯಲ್ಲ, ಆ ಭೂರ್ಜದ ಸೋದರ ಮರ ಇದು. ಅದೇ ಬಿಳಿ ತೊಗಟೆ, ಪದರಪದರವಾಗಿ ಸುಲಿಯುತ್ತದೆ. ಆ ತೊಗಟೆಯ ಒಂದು ಚೂರು ಸಾಕು, ಬೆಂಕಿ ಹತ್ತಿಕೊಳ್ಳುತ್ತದೆ.

ಕೆಲಸ ಹಂಚಿಕೊಂಡೆವು. ಒಬ್ಬ ಸೌದೆ ಒಡೆಯುವುದು, ಒಬ್ಬ ಹಿಮ ತೋಡಿ ದಾರಿ ಮಾಡುವುದು, ಇಬ್ಬರು ಅಡಿಗೆ, ಒಬ್ಬ ನೀರು. ನೀರು ತರುವುದೆಂದರೆ ಸರೋವರಕ್ಕೆ ಇಳಿದು, ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯ ಮೇಲಿನ ಮುಚ್ಚಳ ಸರಿಸಿ, ರಾತ್ರಿ ಕಟ್ಟಿದ ಹೊಸ ಪದರವನ್ನು ಸಲಾಕೆಯಿಂದ ಒಡೆದು, ಬಕೆಟ್ ತುಂಬುವುದು. ಕುದಿಸಿ ಕುಡಿಯಬೇಕು. ಮಹಾನಗರದಲ್ಲಿ ನಾವು ನೀರನ್ನು ಕಾಣುವುದೇ ನಲ್ಲಿಯಿಂದ ಈಚೆಗೆ. ಅಲ್ಲಿ ಒಂದು ಲೋಟ ಚಹಾದ ಹಿಂದೆ ಒಬ್ಬ ಮನುಷ್ಯ ಕತ್ತಲಲ್ಲಿ ಹೋಗಿ ಬಂದಿರುತ್ತಾನೆ. ಯಾರೂ ಅರ್ಧ ಲೋಟ ಚಹಾ ಚೆಲ್ಲಲಿಲ್ಲ.

ಕೇಳುಗರೇ, ಈಗ ಬಹಳ ಮುಖ್ಯವಾದ ಒಂದು ಮಾತು. ದೆಹಲಿಯ ಕೇಳುಗರು ದಯವಿಟ್ಟು ಗಮನಿಸಿ.

ಅಂಥ ಒಲೆಗಳ ಹೊಗೆಕೊಳವೆಯಲ್ಲಿ ಒಂದು ಕಬ್ಬಿಣದ ಹಲಗೆ ಇರುತ್ತದೆ. ಉರಿ ಮುಗಿದ ಮೇಲೆ ಅದನ್ನು ತಳ್ಳಿ ಮುಚ್ಚಿದರೆ ಶಾಖ ಹೊರಗೆ ಹೋಗದೆ ಮನೆಯಲ್ಲೇ ಉಳಿಯುತ್ತದೆ. ಚಳಿಯಲ್ಲಿ ನಡುಗುವವನಿಗೆ ಅದನ್ನು ಬೇಗ ಮುಚ್ಚಿಬಿಡೋಣ ಎನ್ನಿಸುವುದು ಸಹಜ. ಕೆಂಡ ಇನ್ನೂ ಇರುವಾಗ ಮುಚ್ಚಿದರೆ ಹೊರಗೆ ಹೋಗಬೇಕಾದ ಕಾರ್ಬನ್ ಮೊನಾಕ್ಸೈಡ್ ಅನಿಲ ಕೋಣೆಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದವರಿದ್ದಾರೆ. ಫಿನ್ಲೆಂಡಿನ ಮಕ್ಕಳಿಗೂ ಇದು ಗೊತ್ತು. ನೀಲಿ ಉರಿ ಪೂರ್ತಿ ಅಡಗಿ, ಕೆಂಡ ಕಪ್ಪಾಗುವ ತನಕ ಹಲಗೆ ಮುಟ್ಟುವಂತಿಲ್ಲ.

ನಮ್ಮ ಉತ್ತರ ಭಾರತದಲ್ಲಿ ಹೊಗೆಕೊಳವೆಯೂ ಇಲ್ಲದ ಅಂಗೀಠಿಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವವರಿದ್ದಾರೆ. ಪ್ರತಿ ಚಳಿಗಾಲದಲ್ಲೂ ಹೀಗೆ ಜೀವ ಹೋದ ಸುದ್ದಿ ನೀವೇ ಓದಿರುತ್ತೀರಿ. ಹೆಚ್ಚಾಗಿ ಅವರು ಕಾವಲುಗಾರರು, ಚಾಲಕರು, ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು. ನಿಮ್ಮ ಕಟ್ಟಡದ ಕೆಳಗೆ ರಾತ್ರಿ ಕಾಯುವ ವಾಚ್‌ಮನ್‌ಗೆ ಈ ಮಾತನ್ನು ಅವನ ಭಾಷೆಯಲ್ಲಿ ಹೇಳಿ. ಒಂದು ದಪ್ಪ ಕಂಬಳಿ ಕೊಟ್ಟರೆ ಇನ್ನೂ ಒಳ್ಳೆಯದು. ಮಲಗುವ ಮುಂಚೆ ಅಂಗೀಠಿ ಹೊರಗೆ ಹೋಗಬೇಕು. ಉರಿಯುವಾಗ ಕಿಟಕಿ ತೆರೆದಿರಬೇಕು. ಇಷ್ಟೇ.

ಆ ರಾತ್ರಿ ನಮ್ಮಲ್ಲೊಬ್ಬನಿಗೆ ತಲೆನೋವು ಎಂದ ಕೂಡಲೇ ಎಸ್ಪೂ ಗೆಳೆಯ ಒಂದು ಮಾತೂ ಆಡದೆ ಎದ್ದು ಬಾಗಿಲು ತೆರೆದ. ಆರು ತಾಸು ಕೂಡಿಟ್ಟ ಶಾಖ ಹೊರಗೆ ಹೋಯಿತು. ಆಮೇಲೆ ಹಲಗೆ ನೋಡಿದ, ಗೋಡೆಯ ಅನಿಲ ಪತ್ತೆಯಂತ್ರ ನೋಡಿದ. ಎಲ್ಲ ಸರಿಯಾಗಿತ್ತು, ಬರೀ ಪ್ರಯಾಣದ ತಲೆನೋವು. ಯಾರೂ ಅವನನ್ನು ನಗೆಯಾಡಲಿಲ್ಲ. ಮತ್ತೆ ಸೌದೆ ಹಾಕಿದೆವು.

ಶನಿವಾರ ಬೆಳಗಾಗಿದ್ದು ಎಂಟರ ಹೊತ್ತಿಗೆ. ಆ ದಿನಗಳಲ್ಲಿ ಅಲ್ಲಿ ಹಗಲು ಎಂಟು ತಾಸಿಗೆ ಸ್ವಲ್ಪ ಹೆಚ್ಚು, ಅಷ್ಟೆ. ನಡುಹಗಲಿನಲ್ಲೂ ಸೂರ್ಯ ಮರಗಳ ತುದಿಯ ಮೇಲೆಯೇ ಇರುತ್ತಾನೆ. ನೆರಳುಗಳು ನಮ್ಮ ಸಂಜೆಯ ನೆರಳಿನಷ್ಟು ಉದ್ದ.

ಸರೋವರದ ಮೇಲೆ ನಿಂತಾಗ ಮೊದಲು ಕಿವಿಗೆ ಬಿದ್ದದ್ದು ಅದರ ಸದ್ದು. ಹೌದು, ಮಂಜುಗಡ್ಡೆ ಸದ್ದು ಮಾಡುತ್ತದೆ. ಚಳಿ ಏರಿಳಿದಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲೋ ದೂರದಲ್ಲಿ ಬಿರುಕು ಬಿಟ್ಟರೆ ಮದ್ದಳೆಯ ಮೇಲೆ ಅಂಗೈ ಹೊಡೆದಂತೆ ಒಂದು ಗುಮ್ ಎಂಬ ಧ್ವನಿ ಕಾಲಡಿಯಿಂದ ಹಾದುಹೋಗುತ್ತದೆ. ಬೆಂಗಳೂರಿನ ಗೆಳೆಯ ದಡಕ್ಕೆ ಓಡಿದ. ಆ ಸದ್ದು ಕೇಳಿ ಹೆದರಬೇಕಾಗಿಲ್ಲ, ಗಟ್ಟಿಯಾಗುವಾಗಲೂ ಅದು ಹಾಗೆ ಗುಡುಗುತ್ತದೆ ಎಂದು ಆಮೇಲೆ ತಿಳಿಯಿತು.

ಈಗ ಆ ನಾಲ್ಕು ಡಿಗ್ರಿಗೆ ಬರೋಣ. ಸಾಮಾನ್ಯವಾಗಿ ವಸ್ತುಗಳು ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತವೆ. ನೀರು ಮಾತ್ರ ನಾಲ್ಕು ಡಿಗ್ರಿಯ ತನಕ ಹಾಗೆ ಮಾಡಿ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಿಗ್ಗಿ ಹಗುರಾಗುತ್ತದೆ. ಹಾಗಾಗಿ ನಾಲ್ಕು ಡಿಗ್ರಿಯ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ. ಮೇಲಿನ ಮಂಜುಗಡ್ಡೆಯೇ ಕೆಳಗಿನ ನೀರಿಗೆ ಕಂಬಳಿ. ಹೊರಗೆ ಮೈನಸ್ 30 ಇದ್ದರೂ ತಳದಲ್ಲಿ ಮೀನು ಬದುಕಿರುತ್ತದೆ. ನೀರಿನ ಈ ಒಂದು ಗುಣ ಇಲ್ಲದಿದ್ದರೆ ಸರೋವರಗಳು ತಳದಿಂದ ಮೇಲಕ್ಕೆ ಹೆಪ್ಪುಗಟ್ಟಿ, ಉತ್ತರದ ನೀರುಗಳಲ್ಲಿ ಇಂದಿನ ಜೀವಗಳು ಉಳಿಯುತ್ತಿರಲಿಲ್ಲ. ದೆಹಲಿಯಲ್ಲಿ ನಾವು ಗೊಣಗುವ ನಾಲ್ಕು ಡಿಗ್ರಿ ಅಲ್ಲಿಯ ಮೀನಿಗೆ ಚಳಿಗಾಲ ಕಳೆಯುವ ಮನೆ.

ಮಧ್ಯಾಹ್ನ ಹಾಲು ಮುಗಿಯಿತು. ಚಹಾ ಇಲ್ಲದೆ ಐದು ಜನ ಕನ್ನಡಿಗರು ಇರುವುದುಂಟೇ? ಅಂಗಡಿ ಇದ್ದದ್ದು ಸರೋವರದ ಆಚೆ ದಡದಲ್ಲಿ. ಮಂಜುಗಡ್ಡೆಯ ಮೇಲೆ ನೇರ ನಡೆದರೆ ಎರಡು ಕಿಲೋಮೀಟರು. ರಸ್ತೆಯಲ್ಲಿ ಸುತ್ತಿ ಹೋದರೆ ಹದಿನಾಲ್ಕು.

ಪುಣೆಯ ಗೆಳೆಯ ಆಗಲೇ ಬೂಟು ಹಾಕಿಕೊಂಡಿದ್ದ. "ಒಂದು ಪ್ಯಾಕೆಟ್ ಹಾಲಿಗೆ ಹದಿನಾಲ್ಕು ಕಿಲೋಮೀಟರ್ ಸುತ್ತೂದೇನಲೇ? ಇಷ್ಟು ಗಟ್ಟಿ ಅದ, ಲಾರಿ ಹೋದರೂ ಏನೂ ಆಗಂಗಿಲ್ಲ" ಎಂದ. ನಮಗೂ ಹೌದೆನ್ನಿಸಿತು. ಬೆಳಗಿನಿಂದ ಅದರ ಮೇಲೇ ಓಡಾಡಿದ್ದೆವಲ್ಲ.

ಎಸ್ಪೂ ಗೆಳೆಯ ಮಾತ್ರ ಒಪ್ಪಲಿಲ್ಲ. ಪಕ್ಕದ ಮನೆಯ ಅಜ್ಜನನ್ನು ಕೇಳಿ ಬರೋಣ ಎಂದ. ಪಕ್ಕದ ಮನೆ ಎಂದರೆ ಒಂದು ಕಿಲೋಮೀಟರು ದೂರ. ಎಂಬತ್ತರ ಹತ್ತಿರದ ರೈತ. ನಮ್ಮ ಮಾತು ಪೂರ್ತಿ ಕೇಳಿ, ಏನೂ ಹೇಳದೆ, ಮೂಲೆಯಲ್ಲಿದ್ದ ಉದ್ದನೆಯ ಬೈರಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ನಾವು ಹಿಂದೆ ಹಿಂದೆ.

ದಡದ ಹತ್ತಿರ ಕೊರೆದು ಅಳತೆ ಕೋಲು ಇಳಿಸಿದ: 41 ಸೆಂಟಿಮೀಟರು. ಇನ್ನೂ ಮುನ್ನೂರು ಹೆಜ್ಜೆ ಮುಂದೆ: 36. ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನ ಕಡೆ ತಿರುಗಿದೆವು. ಅಂಗಡಿಯ ದಾರಿ ಅದೇ. ಅಲ್ಲಿ 17. ಆಮೇಲೆ ನಮ್ಮನ್ನು ಅಲ್ಲೇ ನಿಲ್ಲಿಸಿ, ಸಲಾಕೆಯಿಂದ ಕುಟ್ಟುತ್ತಾ ತಾನೊಬ್ಬನೇ ಕೆಲವು ಹೆಜ್ಜೆ ಹೋಗಿ ಕೊರೆದ. 8. ಅಲ್ಲಿಂದ ಮುಂದೆ ಹೋಗಲಿಲ್ಲ. ಕಣ್ಣಿಗೆ ಎಲ್ಲ ಒಂದೇ ಬಿಳುಪು. ಮೇಲೆ ಒಂದೇ ಸಮ ಹಿಮ. ಕೆಳಗೆ ಮಾತ್ರ ನೀರು ಹರಿಯುತ್ತಿತ್ತು, ಕೋಟೆಯ ಬುಡದಲ್ಲಿ ಕಂಡ ಹಾಗೆ.

ಅಜ್ಜ ಹೇಳಿದ್ದನ್ನು ಗೆಳೆಯ ಕನ್ನಡಕ್ಕೆ ತಿರುಗಿಸಿದ. "ಈ ಸರೋವರ ನನಗೆ ಎಪ್ಪತ್ತು ವರ್ಷದಿಂದ ಗೊತ್ತು. ಆದರೆ ಇವತ್ತಿನ ಮಂಜುಗಡ್ಡೆ ಗೊತ್ತಿಲ್ಲ. ಅದಕ್ಕೇ ಕೊರೆದು ನೋಡುತ್ತೇನೆ."

ಪುಣೆಯ ಗೆಳೆಯ ಮರುಮಾತಾಡದೆ ಕಾರಿನ ಕೀಲಿ ತೆಗೆದುಕೊಂಡ.

ನೀವು ಅಥವಾ ನಿಮ್ಮವರು ಅಂಥ ಕಡೆ ಹೋದರೆ ನೆನಪಿರಲಿ. ಪಾರದರ್ಶಕವಾದ ಗಟ್ಟಿ ಮಂಜುಗಡ್ಡೆ ನಡೆಯಲು ಕನಿಷ್ಠ ಹತ್ತು ಸೆಂಟಿಮೀಟರಾದರೂ ಇರಬೇಕು ಎಂದು ಇಟ್ಟುಕೊಳ್ಳಿ. ಹಿಮ ನೆನೆದು ಗಟ್ಟಿಯಾದ ಬಿಳಿ ಮಂಜುಗಡ್ಡೆಗೆ ಅದರ ಅರ್ಧ ಬಲವೇ. ಹೊಳೆ ಬಂದು ಸೇರುವ ಕಡೆ, ಸೇತುವೆಯ ಕೆಳಗೆ, ದ್ವೀಪಗಳ ನಡುವೆ, ಜೊಂಡು ಬೆಳೆದ ಕಡೆ ಅದು ತೆಳು. ಚಳಿಗಾಲದ ಕೊನೆಗೆ ಎಷ್ಟು ದಪ್ಪ ಇದ್ದರೂ ನಂಬುವಂತಿಲ್ಲ. ಅಲ್ಲಿನವರು ಕೊರಳಿಗೆ ಎರಡು ಮೊನಚು ಮೊಳೆಯ ಹಿಡಿಗಳನ್ನು ನೇತುಹಾಕಿಕೊಂಡೇ ಹೋಗುತ್ತಾರೆ. ಅಕಸ್ಮಾತ್ ಬಿದ್ದರೆ, ಬಂದ ದಿಕ್ಕಿಗೆ ತಿರುಗಬೇಕು, ಏಕೆಂದರೆ ಆ ಕಡೆಯ ಮಂಜುಗಡ್ಡೆ ನಿಮ್ಮ ಭಾರ ಹೊತ್ತಿತ್ತು ಎಂಬುದು ಗೊತ್ತಿದೆ. ಮೊಳೆ ಊರಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಹೊರಬರಬೇಕು. ಎದ್ದು ನಿಲ್ಲದೆ ಉರುಳುತ್ತಾ ದೂರ ಹೋಗಬೇಕು. ತುರ್ತು ಕರೆಗೆ ಅಲ್ಲಿ 112. ನಮ್ಮ ದೇಶದಲ್ಲೂ ಈಗ ಅದೇ 112.

ಸಂಜೆ ಸೌನಾ. ಇದರ ಬಗ್ಗೆ ಹೇಳದೆ ಫಿನ್ಲೆಂಡಿನ ಮಾತು ಮುಗಿಯುವುದಿಲ್ಲ. 56 ಲಕ್ಷ ಜನರ ಆ ದೇಶದಲ್ಲಿ ಸುಮಾರು ಮೂವತ್ತು ಲಕ್ಷ ಸೌನಾಗಳಿವೆ ಎಂದರೆ ನೀವೇ ಲೆಕ್ಕ ಹಾಕಿ. 2020ರಲ್ಲಿ ಯುನೆಸ್ಕೋ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮಾನವ ಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಕ್ಕಿಯ ಪಕ್ಕದಲ್ಲಿ ಒಂದು ಸಣ್ಣ ಮರದ ಕೋಣೆ. ಒಳಗೆ ಮೆಟ್ಟಿಲಿನಂತೆ ಮರದ ಹಲಗೆಗಳು. ಒಲೆಯ ಮೇಲೆ ಕಲ್ಲುಗಳ ರಾಶಿ. ಕಲ್ಲು ಕಾದು ಕೋಣೆ ಎಂಬತ್ತು ಡಿಗ್ರಿ ದಾಟಿದ ಮೇಲೆ ಒಂದು ಸೌಟು ನೀರು ಹಾಕುತ್ತಾರೆ. ಚುಂಯ್ ಎಂದು ಏಳುವ ಆ ಆವಿಗೆ ಲೊಯ್ಲು ಎಂದು ಹೆಸರು. ಎಲೆ ಸಹಿತ ಕಟ್ಟಿದ ಭೂರ್ಜದ ಕಡ್ಡಿಗಳಿಂದ ಮೈ ಬಡಿದುಕೊಳ್ಳುತ್ತಾರೆ. ನಮ್ಮ ದೀಪಾವಳಿಯ ಎಣ್ಣೆ ಸ್ನಾನದ ಬಚ್ಚಲುಮನೆ ನೆನಪಾಯಿತು: ಹಂಡೆ, ಉರಿ, ಹೊಗೆ, ಅಜ್ಜಿಯ ಕೈ.

ಹಿಂದಿನ ಕಾಲದಲ್ಲಿ ಅಲ್ಲಿ ಬಾಣಂತನ ಸೌನಾದಲ್ಲೇ ಆಗುತ್ತಿತ್ತು. ಊರಲ್ಲಿ ಅತಿ ಶುಚಿಯಾದ, ಬೆಚ್ಚನೆಯ, ಬಿಸಿನೀರಿರುವ ಜಾಗ ಅದು. ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ. ಹಾಗಾಗಿ ಒಳಗೆ ಜಗಳ ಆಡಬಾರದು, ಜೋರಾಗಿ ಮಾತಾಡಬಾರದು ಎಂಬ ರೂಢಿ. ಎಸ್ಪೂ ಗೆಳೆಯ ಇದನ್ನೆಲ್ಲ ಹೇಳಿ ಸುಮ್ಮನಾದ.

ಐದು ಜನ ಸಾಲಾಗಿ ಕೂತೆವು. ದೀಪ ಇರಲಿಲ್ಲ. ಯಾರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರ ಕಣ್ಣೂ ಒಲೆಯ ಬಾಗಿಲಿನ ಸಂದಿಯ ಕೆಂಪಿನ ಮೇಲೆ. ಎಷ್ಟೋ ಹೊತ್ತಿನ ಮೇಲೆ ಆ ಗೆಳೆಯ, ಫೋನಿನಲ್ಲಿ ಹೂಂ ಹಾಂ ಅನ್ನುತ್ತಿದ್ದವನು, ತಾನಾಗಿ ಬಾಯಿ ತೆರೆದ. "ಅಕಿಗೆ ಚಳಿ ಅಂದ್ರ ಆಗ್ತಿರಲಿಲ್ಲ. ಆಸ್ಪತ್ರಿ ಏಸಿ ಆರಿಸ್ರಿ ಅಂತ ಎಷ್ಟು ಸಲ ಹೇಳಿದ್ಲು. ಆರಿಸಲಿಕ್ಕೆ ಬರಂಗಿಲ್ಲ ಅಂದ್ರು. ನಾ ಕೈ ಹಿಡಕೊಂಡು ಕುಂತಿದ್ದೆ."

ಯಾರೂ ಸಮಾಧಾನ ಹೇಳಲಿಲ್ಲ. ಹೇಳಲು ಏನಿತ್ತು? ಒಬ್ಬ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದ. ಆವಿ ಎದ್ದು ಇಳಿಯಿತು. ಅವನು ಮತ್ತೆ ಮಾತಾಡಿದ. ಅರ್ಧ ತಾಸಿಗೂ ಹೆಚ್ಚು, ನಡುನಡುವೆ ನಿಲ್ಲಿಸುತ್ತಾ. ಒಂದೂವರೆ ವರ್ಷ ನಾವು ಅವನಿಗೆ ಫೋನು ಮಾಡಿ ಹೇಗಿದ್ದೀಯ ಎಂದು ಕೇಳುತ್ತಲೇ ಇದ್ದೆವು. ಎದುರಿಗೆ ಪ್ರಶ್ನೆ ಇಲ್ಲದ ಕಡೆ ಅವನಿಗೆ ಉತ್ತರ ಹೊಳೆಯಿತು.

ಅಲ್ಲಿನವರು ಸೌನಾದಿಂದ ಎದ್ದು ಮಂಜುಗಡ್ಡೆಯ ಕಿಂಡಿಯಲ್ಲಿ ಮುಳುಗಿ ಏಳುತ್ತಾರೆ. ಪುಣೆಯ ಗೆಳೆಯನೊಬ್ಬ ಮುಳುಗಿದ. ಅವನ ಕೂಗು ಆಚೆ ದಡಕ್ಕೆ ಕೇಳಿಸಿರಬೇಕು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಕುಡಿದು ಸೌನಾಕ್ಕೂ ಹೋಗಬಾರದು, ನೀರಿಗೂ ಇಳಿಯಬಾರದು.

ಆ ರಾತ್ರಿ ಒಲೆ ಕಾಯುವ ಸರದಿ ನನ್ನದಾಗಿತ್ತು. ಎರಡು ಗಂಟೆಗೆ ಎದ್ದು ನೋಡಿದರೆ ಅವನು ಆಗಲೇ ಒಲೆಯ ಮುಂದೆ ಕೂತಿದ್ದ. "ನೀ ಮಲಕೋ, ನಾ ನೋಡ್ಕೋತೀನಿ" ಎಂದ. ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದೂ ಅವನೇ.

ಭಾನುವಾರ ಹೊರಡುವ ಮುಂಚೆ ಅಜ್ಜ ಇನ್ನೊಂದು ವಿಷಯ ಹೇಳಿದ. ಸೈಮಾದಲ್ಲಿ ಒಂದು ಜಾತಿಯ ಸೀಲ್ ಪ್ರಾಣಿ ಇದೆ, ನೊರ್ಪ್ಪ ಎಂದು ಅದರ ಹೆಸರು. ಹಿಮಯುಗ ಮುಗಿದು ನೆಲ ಮೇಲೆದ್ದಾಗ ಸಮುದ್ರದಿಂದ ಬೇರೆಯಾಗಿ ಈ ಸಿಹಿನೀರಿನಲ್ಲೇ ಉಳಿದುಕೊಂಡ ಬಳಗ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1980ರ ದಶಕದಲ್ಲಿ ಇನ್ನೂರಕ್ಕೂ ಕಡಿಮೆ ಇದ್ದವು. ಬಲೆ ಹಾಕುವುದಕ್ಕೆ ಕಟ್ಟುಪಾಡು ತಂದು ಕಾಪಾಡಿದ್ದರಿಂದ ಈಗ ಸುಮಾರು ಐನೂರು. ಇವು ಫೆಬ್ರುವರಿ, ಮಾರ್ಚಿನಲ್ಲಿ ದಡದ ಹತ್ತಿರ ಮಂಜುಗಡ್ಡೆಯ ಮೇಲೆ ಹಿಮದ ರಾಶಿಯೊಳಗೆ ಗೂಡು ಮಾಡಿ ಮರಿ ಹಾಕುತ್ತವೆ. ಹಿಮ ಕಡಿಮೆ ಬಿದ್ದರೆ ಗೂಡಿಲ್ಲ. ಗೂಡಿಲ್ಲದಿದ್ದರೆ ಮರಿಗೆ ಚಳಿ, ನರಿಯ ಭಯ. ಫಿನ್ಲೆಂಡು ಜಗತ್ತಿನ ಸರಾಸರಿಗಿಂತ ಬೇಗ ಬಿಸಿಯಾಗುತ್ತಿರುವ ದೇಶ. ಹಿಮ ಸಾಲದ ವರ್ಷಗಳಲ್ಲಿ ಊರಿನ ಜನ ಸಲಿಕೆ ಹಿಡಿದು ಮಂಜುಗಡ್ಡೆಯ ಮೇಲೆ ಹಿಮದ ರಾಶಿ ಹಾಕಿ ಬರುತ್ತಾರೆ. ಸೀಲ್ ಬಂದು ಅದರೊಳಗೆ ತನ್ನ ಗೂಡು ತೋಡಿಕೊಳ್ಳುತ್ತದೆ. ಕಾಣದ ಒಂದು ಪ್ರಾಣಿಗಾಗಿ ಕೊರೆಯುವ ಚಳಿಯಲ್ಲಿ ಹಿಮ ಎತ್ತುವ ಜನ! ಅಜ್ಜನೂ ಅಂಥವರಲ್ಲಿ ಒಬ್ಬ.

ಕೇಳುಗರೇ, ಹೋಗುವವರಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿ ಚಳಿ ಏರಿಸುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು. ಬೂಟು ಬಿಗಿಯಾಗಿರಬಾರದು. ದಿನದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಒಯ್ಯಿರಿ. ಫೋನನ್ನು ಒಳಜೇಬಿನಲ್ಲಿ ಇಡಿ, ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಶೇಂಗಾ ಚಟ್ನಿಪುಡಿ ಮರೆಯಬೇಡಿ. ಅಲ್ಲಿಯ ಕಪ್ಪು ರೈ ರೊಟ್ಟಿಗೆ ಬೆಣ್ಣೆ ಸವರಿ ಮೇಲೆ ಅದನ್ನು ಉದುರಿಸಿದರೆ ನಮ್ಮ ಜೋಳದ ರೊಟ್ಟಿಗೆ ದೂರದ ನೆಂಟಸ್ತಿಕೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಹುಟ್ಟಿ ಬೆಳೆದವರು ಬೇಡ ಎಂದ ಕಡೆ ಕಾಲಿಡಬೇಡಿ.

ಹೋಗಲಾಗದವರು ಬೇಸರಿಸಬೇಕಾಗಿಲ್ಲ. ಈ ಚಳಿಗಾಲದಲ್ಲಿ ನಿಮ್ಮ ಹಳೆಯ ಗೆಳೆಯರಲ್ಲಿ ಮಾತು ಕಡಿಮೆ ಮಾಡಿರುವವರು ಒಬ್ಬರಾದರೂ ಇದ್ದಾರು. ಅವರಿಗೆ ಫೋನು ಮಾಡಿ ಹೇಗಿದ್ದೀಯ ಎಂದು ಕೇಳುವ ಬದಲು ಎರಡು ದಿನ ಮನೆಗೆ ಕರೆಯಿರಿ. ಪ್ರಶ್ನೆ ಕೇಳಬೇಡಿ. ಒಟ್ಟಿಗೆ ತರಕಾರಿ ಹೆಚ್ಚಿ, ರೊಟ್ಟಿ ಬಡಿಯಿರಿ, ಟೆರೇಸಿನ ಬಿಸಿಲಿನಲ್ಲಿ ಪಕ್ಕಪಕ್ಕ ಕೂತುಕೊಳ್ಳಿ. ಸುಮ್ಮನೆ ಇರುವುದಕ್ಕೆ ಜಾಗ ಸಿಕ್ಕಿದರೆ ಮಾತು ತಾನಾಗಿ ಬರುತ್ತದೆ. ಬರದಿದ್ದರೂ ಚಿಂತೆಯಿಲ್ಲ, ಎರಡು ದಿನ ಒಬ್ಬರಿಗೊಬ್ಬರು ಇದ್ದಂತಾಯಿತು.

ಬೆಚ್ಚಗಿರಿ, ಕಿಟಕಿ ಸ್ವಲ್ಪ ತೆರೆದಿರಲಿ. ನಮಸ್ಕಾರ.